ಬಿಲ್ಲು ಯಾರ ಹೆಸರಿಗೆ? ಅಮೆರಿಕದ ರಾಜ್ಯಗಳ ಪ್ರೊಬೇಷನ್ ಸೇವೆ: ಒಂದು ವಿಮರ್ಶೆ

ಟೆಕ್ಸಸ್ ರಾಜ್ಯದಲ್ಲಿ ಪ್ರೊಬೇಷನ್ ಮೇಲೆ ಹೊರಗಿರುವವರು, ನ್ಯಾಯಾಧೀಶರು ವಿನಾಯಿತಿ ಕೊಡದ ಹೊರತು, ತಿಂಗಳಿಗೆ 25 ಡಾಲರಿಗೆ ಕಡಿಮೆಯಾಗದಂತೆ, 60 ಡಾಲರಿಗೆ ಮೀರದಂತೆ ನಿಗಾ ಶುಲ್ಕ ಕಟ್ಟಬೇಕೆಂದು ಅಲ್ಲಿನ ಕಾಯ್ದೆ ಹೇಳುತ್ತದೆ. ಶುಲ್ಕವಿದೆ, ಹೋಗಿ ಕಾಯಬೇಕಾದ ಕಚೇರಿಯಿದೆ, ಎದುರಿಗೆ ಕೂರುವ ಅಧಿಕಾರಿಯಿದ್ದಾರೆ; ಆದ್ದರಿಂದ ಇದನ್ನೂ ಒಂದು ಸೇವೆಯೆಂದೇ ಎಣಿಸಿ ಅದರ ಗುಣಾವಗುಣಗಳನ್ನು ಬರೆಯುವುದರಲ್ಲಿ ತಪ್ಪಿಲ್ಲ. ಉಳಿದ ಸೇವೆಗಳಿಗೂ ಇದಕ್ಕೂ ಇರುವ ಅಂತರವೆಂದರೆ, ಇಷ್ಟವಾಗಲಿಲ್ಲವೆಂದು ಗ್ರಾಹಕನು ಇಲ್ಲಿಂದ ಎದ್ದುಹೋಗುವಂತಿಲ್ಲ. ಎದ್ದುಹೋದರೆ ಅವನಿಗೆ ತೆರೆದಿರುವ ಇನ್ನೊಂದು ಬಾಗಿಲು ಸೆರೆಮನೆಯದು. ಅಮೆರಿಕದ 50 ರಾಜ್ಯಗಳು ಈ ಸೇವೆಯನ್ನು ತಂತಮ್ಮ ರೀತಿಯಲ್ಲಿ ನಡೆಸುತ್ತವೆ. ಅವುಗಳಲ್ಲಿ ಕೆಲವನ್ನು, ಕಾಯ್ದೆಗಳನ್ನೂ ತೀರ್ಪುಗಳನ್ನೂ ಮೌಲ್ಯಮಾಪನ ವರದಿಗಳನ್ನೂ ಮುಂದಿಟ್ಟುಕೊಂಡು, ಇಲ್ಲಿ ಹೋಲಿಸಿದ್ದೇನೆ.

ಮೊದಲು ಶಬ್ದಗಳನ್ನು ಸರಿಮಾಡಿಕೊಳ್ಳಬೇಕು. ಶಿಕ್ಷೆಗೊಳಗಾದವರನ್ನು ಗೋಡೆಯೊಳಗೆ ಕೂಡಿಹಾಕದೆ, ಷರತ್ತುಗಳಿಗೆ ಒಳಪಡಿಸಿ, ಅವರ ಊರಿನಲ್ಲೇ ಅಧಿಕಾರಿಯೊಬ್ಬರ ನಿಗಾದಲ್ಲಿ ಇಡುವ ವ್ಯವಸ್ಥೆಗೆ ಅಲ್ಲಿ ಕಮ್ಯುನಿಟಿ ಕರೆಕ್ಷನ್ಸ್ ಎಂದು ಹೆಸರು. ಸೆರೆವಾಸದ ಬದಲಿಗೆ ನ್ಯಾಯಾಲಯ ವಿಧಿಸುವುದು ಪ್ರೊಬೇಷನ್. ಸೆರೆಮನೆಯಲ್ಲಿ ಒಂದಷ್ಟು ಕಾಲ ಕಳೆದು ಉಳಿದ ಅವಧಿಯನ್ನು ಹೊರಗೆ ಪೂರೈಸುವುದು ಪೆರೋಲ್. ಕನ್ನಡ ಪತ್ರಿಕೆಗಳಲ್ಲಿ ಪೆರೋಲ್ ಎಂದರೆ ಕೈದಿಗೆ ಸಿಗುವ ಕೆಲವು ದಿನಗಳ ರಜೆ ಎಂಬ ಅರ್ಥ ರೂಢಿಯಾಗಿದೆ. ಇಲ್ಲಿ ಆ ಅರ್ಥ ಹೊಂದುವುದಿಲ್ಲ. ಇನ್ನೊಂದು ಭೇದವನ್ನೂ ನೆನಪಿಡಬೇಕು. ಬಹುಪಾಲು ರಾಜ್ಯಗಳಲ್ಲಿ ಅಲ್ಪಾವಧಿಯ ಬಂಧನಕ್ಕೆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಜೈಲು, ದೀರ್ಘಾವಧಿಯ ಶಿಕ್ಷೆಗೆ ರಾಜ್ಯದ ಸೆರೆಮನೆ ಎಂಬ ವಿಂಗಡಣೆಯಿದೆ. ಮೊದಲನೆಯದರ ಖರ್ಚು ಕೌಂಟಿಯದು, ಎರಡನೆಯದರ ಖರ್ಚು ರಾಜ್ಯದ್ದು. ಈ ಬರಹದಲ್ಲಿ ಜೈಲು, ಸೆರೆಮನೆ ಎಂಬ ಎರಡು ಮಾತುಗಳನ್ನು ಆ ಭೇದವಿಟ್ಟುಕೊಂಡೇ ಬಳಸಿದ್ದೇನೆ.

ವ್ಯವಸ್ಥೆಯ ಗಾತ್ರ ಸಣ್ಣದಲ್ಲ. 2007ರಲ್ಲಿ ಪ್ರೊಬೇಷನ್ ಮತ್ತು ಪೆರೋಲ್ ಮೇಲಿದ್ದವರ ಸಂಖ್ಯೆ 51 ಲಕ್ಷದಷ್ಟಿತ್ತು. 2020ರ ಕೊನೆಗೆ ಅದು ಸುಮಾರು 39 ಲಕ್ಷಕ್ಕೆ ಇಳಿದಿತ್ತು. ಇಳಿದ ಮೇಲೂ 66 ವಯಸ್ಕರಲ್ಲಿ ಒಬ್ಬರು ನಿಗಾದಲ್ಲಿದ್ದರು. ಸೆರೆಮನೆಗೆ ಬದಲಿಯೆಂದು ಹುಟ್ಟಿದ ಈ ವ್ಯವಸ್ಥೆಯೇ ಸೆರೆಮನೆಯನ್ನು ತುಂಬಿಸುತ್ತಿದೆ ಎಂಬುದು ಇದರ ಮೇಲಿರುವ ದೊಡ್ಡ ಆಪಾದನೆ. ಕೌನ್ಸಿಲ್ ಆಫ್ ಸ್ಟೇಟ್ ಗವರ್ನಮೆಂಟ್ಸ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ರಾಜ್ಯಗಳ ಸೆರೆಮನೆಗೆ ಹೊಸದಾಗಿ ಸೇರಿದವರಲ್ಲಿ ಶೇ. 45ರಷ್ಟು ಮಂದಿ ನಿಗಾದ ಷರತ್ತು ಮುರಿದವರು. ಒಟ್ಟು ಸೇರ್ಪಡೆಯ ಕಾಲುಭಾಗದಷ್ಟು ಮಂದಿ ಹೊಸ ಅಪರಾಧವೇನನ್ನೂ ಮಾಡದೆ, ಭೇಟಿ ತಪ್ಪಿಸಿದ್ದಕ್ಕೋ, ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದಕ್ಕೋ, ಇಂಥ ತಾಂತ್ರಿಕ ಉಲ್ಲಂಘನೆಗಳಿಗಾಗಿ ಒಳಗೆ ಹೋದವರು.

ರಾಜ್ಯಗಳನ್ನು ಹೋಲಿಸುವವರು ಸಾಮಾನ್ಯವಾಗಿ ಅಧಿಕಾರಿಗಳ ತರಬೇತಿ, ಒಬ್ಬೊಬ್ಬರ ತಲೆಗೆ ಬೀಳುವ ಪ್ರಕರಣಗಳ ಸಂಖ್ಯೆ, ಅಪಾಯವನ್ನು ಅಳೆಯುವ ಪ್ರಶ್ನಾವಳಿ ಮುಂತಾದವನ್ನು ನೋಡುತ್ತಾರೆ. ಅವೆಲ್ಲ ಮುಖ್ಯವೇ. ಆದರೆ ಓದುತ್ತ ಹೋದಂತೆ ನಾನು ಬಂದು ನಿಂತದ್ದು ಒಂದೇ ಪ್ರಶ್ನೆಯ ಬಳಿಗೆ: ಒಬ್ಬನನ್ನು ಒಳಗೆ ಕಳಿಸಬೇಕೆಂದು ತೀರ್ಮಾನಿಸುವವರು ಯಾರು, ಆ ತೀರ್ಮಾನದ ಖರ್ಚನ್ನು ಭರಿಸುವವರು ಯಾರು? ಹೆಚ್ಚಿನ ರಾಜ್ಯಗಳಲ್ಲಿ ಪ್ರಾಸಿಕ್ಯೂಟರ್ ಮತ್ತು ನ್ಯಾಯಾಧೀಶರನ್ನು ಆರಿಸುವುದು ಆಯಾ ಕೌಂಟಿಯ ಅಥವಾ ವಲಯದ ಮತದಾರರು. ಅಪರಾಧಿಯನ್ನು ಊರಿನಲ್ಲೇ ಉಳಿಸಿಕೊಂಡು ವ್ಯಸನಮುಕ್ತಿ ಚಿಕಿತ್ಸೆ ಕೊಡಿಸಿದರೆ ಖರ್ಚಿನ ದೊಡ್ಡ ಪಾಲು ಕೌಂಟಿಯ ಮೇಲೆ ಬೀಳುತ್ತದೆ. ಸೆರೆಮನೆಗೆ ಕಳಿಸಿಬಿಟ್ಟರೆ ಅದು ರಾಜ್ಯದ ಮೇಲೆ ಹೋಗುತ್ತದೆ. ಬಿಲ್ಲು ಪಕ್ಕದ ಮೇಜಿಗೆ ಹೋಗುತ್ತದೆಂದು ಗೊತ್ತಿದ್ದವರು ದರಪಟ್ಟಿಯನ್ನು ನೋಡುವುದಿಲ್ಲ.

ಇದನ್ನು ಮೊದಲೇ ಕಂಡುಕೊಂಡ ರಾಜ್ಯಗಳಲ್ಲಿ ಮಿನೆಸೋಟಾ ಒಂದು. ಅದರ 1973ರ ಕಮ್ಯುನಿಟಿ ಕರೆಕ್ಷನ್ಸ್ ಕಾಯ್ದೆಯನ್ನು ನಾನು ಈ ಕ್ಷೇತ್ರದ ಅತ್ಯಂತ ಜಾಣ ಕಾಯ್ದೆಗಳಲ್ಲಿ ಎಣಿಸುತ್ತೇನೆ. 30,000ಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಕೌಂಟಿಯೊಂದು, ಅಥವಾ ಒಟ್ಟುಗೂಡಿ ಅಷ್ಟಾಗುವ ಹಲವು ಕೌಂಟಿಗಳು, ಸ್ವಇಚ್ಛೆಯಿಂದ ಈ ಯೋಜನೆಗೆ ಸೇರಬಹುದು. ಸೇರಿದವರು ಸ್ಥಳೀಯ ಸಲಹಾ ಮಂಡಳಿ ರಚಿಸಿಕೊಂಡು ಯೋಜನೆ ಬರೆದುಕೊಡಬೇಕು. ರಾಜ್ಯ ಅದಕ್ಕೆ ಅನುದಾನ ಕೊಡುತ್ತದೆ. ಇಷ್ಟೇ ಆಗಿದ್ದರೆ ಇದು ಇನ್ನೊಂದು ಅನುದಾನ ಯೋಜನೆಯಾಗಿ ಮರೆತುಹೋಗುತ್ತಿತ್ತು. ಮೂಲ ಕಾಯ್ದೆಯ ಹರಿತವಿದ್ದದ್ದು ಕಡಿತದಲ್ಲಿ: ಊರಿನಲ್ಲೇ ಇರಿಸಿಕೊಳ್ಳಬಹುದಾಗಿದ್ದ, ಕಡಿಮೆ ಅವಧಿಯ ಶಿಕ್ಷೆಯ ಅಪರಾಧಿಗಳನ್ನು ಕೌಂಟಿ ರಾಜ್ಯದ ಸೆರೆಮನೆಗೆ ಕಳಿಸಿದರೆ, ಅವರು ಅಲ್ಲಿ ಕಳೆದ ಪ್ರತಿ ದಿನದ ಖರ್ಚನ್ನು ಅದರ ಅನುದಾನದಿಂದ ಮುರಿದುಕೊಳ್ಳಲಾಗುತ್ತಿತ್ತು. 1978ರಲ್ಲಿ ಕ್ಯಾನ್ಸಸ್ ಇದೇ ದಾರಿ ಹಿಡಿಯಿತು. ಮಿನೆಸೋಟಾದಲ್ಲಿ 1980ರಿಂದ ಶಿಕ್ಷೆಯ ಪ್ರಮಾಣವನ್ನು ನಿಗದಿಪಡಿಸುವ ಮಾರ್ಗಸೂಚಿಗಳು ಜಾರಿಗೆ ಬಂದವು, ಕಡಿತದ ಪದ್ಧತಿಯನ್ನು ನಂತರ ಕೈಬಿಡಲಾಯಿತು. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಮಾರ್ಗಸೂಚಿಯ ಕೋಷ್ಟಕವೇ ಬಹುಮಟ್ಟಿಗೆ ಹೇಳತೊಡಗಿದ್ದರಿಂದ, ಕಳಿಸುವ ಕೈಗೆ ಬೇರೊಂದು ರೀತಿಯ ಹಿಡಿತ ಬಿತ್ತೆನ್ನಬಹುದು.

ಫಲಿತಾಂಶ ಎರಡು ಮುಖದ್ದು. ಮಿನೆಸೋಟಾದ ಸೆರೆವಾಸದ ಪ್ರಮಾಣ ದೇಶದಲ್ಲೇ ಕಡಿಮೆಯಿರುವ ರಾಜ್ಯಗಳ ಸಾಲಿನಲ್ಲಿದೆ. ಪ್ರೊಬೇಷನ್‌ನಲ್ಲಿರುವವರ ಪ್ರಮಾಣ ಮಾತ್ರ ಬಹಳ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿದೆ. ಒಳಗೆ ಕಳಿಸದವರನ್ನು ಹೊರಗೆ ಎಷ್ಟು ಕಾಲ ಹಿಡಿದಿಡಬೇಕೆಂಬುದಕ್ಕೆ ಬಹುಕಾಲ ಮಿತಿಯೇ ಇರಲಿಲ್ಲ. ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಸೆರೆವಾಸ ಎಷ್ಟೋ ಅಷ್ಟು ವರ್ಷ ಪ್ರೊಬೇಷನ್ ವಿಧಿಸಬಹುದಾಗಿತ್ತು. ಕೆಲವು ಮಾದಕದ್ರವ್ಯ ಪ್ರಕರಣಗಳಲ್ಲಿ ಅದು 40 ವರ್ಷದವರೆಗೆ ಹೋಗುತ್ತಿತ್ತು. ಒಂದೇ ಅಪರಾಧಕ್ಕೆ ಒಂದು ಕೌಂಟಿಯಲ್ಲಿ ಕೆಲವೇ ವರ್ಷ, ಗಡಿ ದಾಟಿದರೆ ಅದರ ಹಲವು ಪಟ್ಟು. 2020ರಲ್ಲಿ ಮಾರ್ಗಸೂಚಿ ಆಯೋಗವು, ಹತ್ಯೆ ಮತ್ತು ಲೈಂಗಿಕ ಅಪರಾಧಗಳಂಥ ಕೆಲವನ್ನು ಹೊರಗಿಟ್ಟು, ಗಂಭೀರ ಅಪರಾಧಗಳ ಪ್ರೊಬೇಷನ್‌ಗೆ ಐದು ವರ್ಷದ ಮಿತಿ ಹಾಕಿತು. 2023ರಲ್ಲಿ ಶಾಸನಸಭೆ ಅದನ್ನು ಕಾಯ್ದೆಗೆ ಸೇರಿಸಿ ಹಳೆಯ ಶಿಕ್ಷೆಗಳಿಗೂ ಅನ್ವಯಿಸಿತು. ಇನ್ನೊಂದು ತೊಡಕು ಆಡಳಿತದ್ದು. ಅಲ್ಲಿನ 87 ಕೌಂಟಿಗಳಲ್ಲಿ ಕೆಲವು 1973ರ ಕಾಯ್ದೆಯಡಿ ತಾವೇ ಎಲ್ಲವನ್ನೂ ನಡೆಸುತ್ತವೆ, ಕೆಲವು ಅರ್ಧ ನಡೆಸಿ ಉಳಿದರ್ಧವನ್ನು ರಾಜ್ಯಕ್ಕೆ ಬಿಡುತ್ತವೆ, ಕೆಲವು ಪೂರ್ತಿಯಾಗಿ ರಾಜ್ಯದ ಇಲಾಖೆಯನ್ನೇ ನೆಚ್ಚಿಕೊಂಡಿವೆ. ಮೂರಕ್ಕೂ ಹಣ ಹಂಚುವ ಸೂತ್ರ ಒಂದೇ ಆಗುವುದಕ್ಕೆ 2023ರವರೆಗೆ ಕಾಯಬೇಕಾಯಿತು. ಇಷ್ಟೆಲ್ಲ ಹೇಳಿದ ಮೇಲೂ, ಹೋಲಿಕೆಗೆ ತೆಗೆದುಕೊಂಡ ರಾಜ್ಯಗಳಲ್ಲಿ ಮೊದಲ ಸ್ಥಾನವನ್ನು ನಾನು ಕೊಡುವುದು ಮಿನೆಸೋಟಾಕ್ಕೇ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಕುತೂಹಲಕರ, ಏಕೆಂದರೆ ಅದು ಒಂದೇ ಪಾಠವನ್ನು ಮೂರು ಸಲ ಕಲಿತ ರಾಜ್ಯ. 1965ರಲ್ಲೇ ಅದು ಪ್ರೊಬೇಷನ್ ಸಹಾಯಧನ ಕಾಯ್ದೆ ಮಾಡಿ, ಕೌಂಟಿಯು ತನ್ನ ಹಿಂದಿನ ಸರಾಸರಿಗಿಂತ ಕಡಿಮೆ ಜನರನ್ನು ರಾಜ್ಯದ ಸಂಸ್ಥೆಗಳಿಗೆ ಕಳಿಸಿದರೆ, ಕಡಿಮೆಯಾದ ಪ್ರತಿಯೊಬ್ಬರಿಗೂ 4,000 ಡಾಲರ್‌ವರೆಗೆ ಕೊಡುತ್ತಿತ್ತು. 1978ರಲ್ಲಿ ಆ ಕಾಯ್ದೆ ಹೋಯಿತು, ಮುಂದಿನ ಮೂರು ದಶಕ ಸೆರೆಮನೆಗಳು ಉಕ್ಕಿ ಹರಿದವು. 2009ರಲ್ಲಿ ಬಂದ ಸೆನೆಟ್ ಮಸೂದೆ 678 ಹಳೆಯ ಉಪಾಯವನ್ನೇ ಹೊಸ ಲೆಕ್ಕದೊಂದಿಗೆ ತಂದಿತು. 2006ರಿಂದ 2008ರವರೆಗಿನ ಸರಾಸರಿಯನ್ನು ಅಳತೆಗೋಲಾಗಿಟ್ಟು, ಪ್ರೊಬೇಷನ್‌ನಿಂದ ಸೆರೆಮನೆಗೆ ಹೋಗುವವರ ಪ್ರಮಾಣವನ್ನು ಇಳಿಸಿದ ಕೌಂಟಿಗೆ, ರಾಜ್ಯ ಉಳಿಸಿದ ಹಣದಲ್ಲಿ ಶೇ. 40ರಿಂದ 45ರಷ್ಟನ್ನು ಹಂಚುವುದು ಇದರ ತಿರುಳು. ಅಳತೆಯ ಅವಧಿಯಲ್ಲಿ ಶೇ. 7.9 ಇದ್ದ ಆ ಪ್ರಮಾಣ 2010ರಲ್ಲಿ ಶೇ. 6.1ಕ್ಕೆ ಬಂತು. ಅಧಿಕಾರಿಗಳು ಒಂದೇ ವರ್ಷದಲ್ಲಿ ಸಂತರಾಗಲಿಲ್ಲ, ನಿಗಾದಲ್ಲಿದ್ದವರೂ ಆಗಲಿಲ್ಲ. ಕಳಿಸದಿರುವುದಕ್ಕೆ ಒಂದು ಬೆಲೆ ಸಿಕ್ಕಿತು, ಅಷ್ಟೆ.

ಮೂರನೆಯ ಸಲ ಪಾಠ ಹೇಳಿಸಿಕೊಂಡದ್ದು ಸುಪ್ರೀಂ ಕೋರ್ಟಿನಿಂದ. ಸೆರೆಮನೆಗಳಲ್ಲಿ ವೈದ್ಯಕೀಯ ಆರೈಕೆಯೇ ಅಸಾಧ್ಯವಾಗುವಷ್ಟು ಜನದಟ್ಟಣೆಯಿದೆಯೆಂಬ ಬ್ರೌನ್ ವಿರುದ್ಧ ಪ್ಲಾಟಾ ಪ್ರಕರಣದಲ್ಲಿ, 2011ರ ಮೇ 23ರಂದು 5-4ರ ಬಹುಮತದ ತೀರ್ಪು ಬಂದು, ಕೈದಿಗಳ ಸಂಖ್ಯೆಯನ್ನು ಕಟ್ಟಡಗಳ ವಿನ್ಯಾಸ ಸಾಮರ್ಥ್ಯದ ಶೇ. 137.5ಕ್ಕೆ ಇಳಿಸಬೇಕೆಂಬ ಆದೇಶ ಉಳಿಯಿತು. (ಶೇ. 100ರ ಮೇಲೆ 37.5 ಇರುವುದನ್ನು ಸುಧಾರಣೆಯೆಂದು ಒಪ್ಪಿಕೊಳ್ಳಬೇಕಾಗಿ ಬಂದ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬಹುದು.) ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದ ಅಸೆಂಬ್ಲಿ ಮಸೂದೆ 109, ಹಿಂಸೆಯದಲ್ಲದ, ಗಂಭೀರವಲ್ಲದ, ಲೈಂಗಿಕ ಅಪರಾಧವಲ್ಲದ ಪ್ರಕರಣಗಳ ಹೊಣೆಯನ್ನು ರಾಜ್ಯದಿಂದ 58 ಕೌಂಟಿಗಳಿಗೆ ದಾಟಿಸಿತು. ಸೆರೆಮನೆಯಿಂದ ಹೊರಬಂದ ಇಂಥವರನ್ನು ನೋಡಿಕೊಳ್ಳುವವರು ಇನ್ನು ಮುಂದೆ ರಾಜ್ಯದ ಪೆರೋಲ್ ಅಧಿಕಾರಿಗಳಲ್ಲ, ಕೌಂಟಿಯ ಪ್ರೊಬೇಷನ್ ಅಧಿಕಾರಿಗಳು. ಹಾಗೆ ಹೊರಬಂದವರು ಷರತ್ತು ಮುರಿದರೆ ಹೋಗುವುದು ಕೌಂಟಿಯ ಜೈಲಿಗೆ, ಅದೂ 180 ದಿನ ಮೀರದಂತೆ. ಚಿಕ್ಕ ತಪ್ಪಿಗೆ ಹತ್ತು ದಿನದೊಳಗಿನ ಕಿರುಬಂಧನವನ್ನು ಅಧಿಕಾರಿಗಳೇ ವಿಧಿಸಬಹುದು. ಹೀಗೆ ಕಳಿಸುವವರೂ ಕೌಂಟಿ, ಇರಿಸಿಕೊಳ್ಳುವವರೂ ಕೌಂಟಿ, ಖರ್ಚು ತೂಗಿಸುವವರೂ ಕೌಂಟಿ ಎಂದಾಯಿತು.

ದೋಷವಿಲ್ಲದೆ ಇಲ್ಲ. ಕೌಂಟಿಗಳಿಗೆ ಹಣ ಹಂಚಿದ ಮೊದಲ ಸೂತ್ರ, ಹಿಂದೆ ಯಾರು ಹೆಚ್ಚು ಜನರನ್ನು ಸೆರೆಮನೆಗೆ ಕಳಿಸಿದ್ದರೋ ಅವರಿಗೇ ಹೆಚ್ಚು ಪಾಲು ಕೊಟ್ಟಿತು; ಮೊದಲಿನಿಂದಲೂ ಊರಿನಲ್ಲೇ ಚಿಕಿತ್ಸೆ, ಉದ್ಯೋಗ ಎಂದು ಸ್ವಂತ ಖರ್ಚಿನಲ್ಲಿ ದುಡಿದ ಕೌಂಟಿಗಳು ಇದನ್ನು ಅನ್ಯಾಯವೆಂದದ್ದರಲ್ಲಿ ಆಶ್ಚರ್ಯವಿಲ್ಲ. ಅನಂತರದ ಎರಡು ಕಾಯ್ದೆಗಳನ್ನು ಮಾತ್ರ ಯಾವ ಹಿಂಜರಿಕೆಯೂ ಇಲ್ಲದೆ ಮೆಚ್ಚಬಹುದು. 2021ರ ಜನವರಿಯಿಂದ, ಕೆಲವು ಅಪವಾದಗಳನ್ನು ಬಿಟ್ಟು, ಲಘು ಅಪರಾಧಕ್ಕೆ ಒಂದು ವರ್ಷ, ಗಂಭೀರ ಅಪರಾಧಕ್ಕೆ ಎರಡು ವರ್ಷ ಪ್ರೊಬೇಷನ್‌ನ ಮಿತಿಯಾಯಿತು. ಅದೇ ವರ್ಷದ ಜುಲೈಯಿಂದ ನಿಗಾ ಶುಲ್ಕ ಸೇರಿದಂತೆ ಹಲವು ಆಡಳಿತ ಶುಲ್ಕಗಳು ರದ್ದಾದವು. ಆರೆಗನ್ ಕೂಡ 1995ರಷ್ಟು ಹಿಂದೆಯೇ, ಒಂದು ವರ್ಷದೊಳಗಿನ ಶಿಕ್ಷೆಯವರನ್ನು ಕೌಂಟಿಗಳ ಸುಪರ್ದಿಗೆ ಒಪ್ಪಿಸಿತ್ತು. ದೊಡ್ಡ ರಾಜ್ಯಕ್ಕೆ ಸಿಕ್ಕ ಪ್ರಚಾರ ಚಿಕ್ಕದಕ್ಕೆ ಸಿಕ್ಕಿಲ್ಲ.

ಇನ್ನು ಜಾರ್ಜಿಯಾ. ನಿಗಾದಲ್ಲಿರುವವರ ಪ್ರಮಾಣದಲ್ಲಿ ಬಹುಕಾಲ ಇಡೀ ದೇಶಕ್ಕೆ ಮೊದಲಿಗನಾಗಿದ್ದ ರಾಜ್ಯವಿದು. 1980ರ ದಶಕದಲ್ಲಿ ದೇಶದ ಕಣ್ಣು ಸೆಳೆದದ್ದು ಇದರ ತೀವ್ರ ನಿಗಾ ಯೋಜನೆ: ಇಬ್ಬರು ಅಧಿಕಾರಿಗಳಿಗೆ 25 ಜನ, ವಾರಕ್ಕೆ ಐದು ಮುಖಾಮುಖಿ ಭೇಟಿ. ನೋಡಿದವರೆಲ್ಲ ಇದನ್ನು ನಕಲು ಮಾಡಿದರು. ಒಂಬತ್ತು ರಾಜ್ಯಗಳ 14 ಕಡೆ ಇಂಥ ಯೋಜನೆಗಳನ್ನು ರ‍್ಯಾಂಡ್ ಸಂಶೋಧನಾ ಸಂಸ್ಥೆಗಾಗಿ ಪರೀಕ್ಷಿಸಿದ ಜೋನ್ ಪೀಟರ್ಸಿಲಿಯಾ ಮತ್ತು ಸೂಸನ್ ಟರ್ನರ್ 1993ರಲ್ಲಿ ಹೇಳಿದ್ದು, ಮರು ಅಪರಾಧ ಇಳಿಯಲಿಲ್ಲ, ತಾಂತ್ರಿಕ ಉಲ್ಲಂಘನೆಗಳು ಮಾತ್ರ ಏರಿದವು ಎಂದು. ದಿನವೂ ನೋಡುವ ಕಣ್ಣಿಗೆ ದಿನಕ್ಕೊಂದು ತಪ್ಪು ಕಾಣುವುದು ಸಹಜ.

ಜಾರ್ಜಿಯಾದಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಲಘು ಅಪರಾಧಗಳ ಪ್ರೊಬೇಷನ್. ಅಲ್ಲಿನ ಎಷ್ಟೋ ಸ್ಥಳೀಯ ನ್ಯಾಯಾಲಯಗಳು ಈ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಒಪ್ಪಿಸಿವೆ. ಕೌಂಟಿ ಕಂಪನಿಗೆ ಕಾಸು ಕೊಡಬೇಕಿಲ್ಲ. ಕಂಪನಿ ತನ್ನ ಮಾಸಿಕ ಶುಲ್ಕವನ್ನು ನಿಗಾದಲ್ಲಿರುವವನಿಂದಲೇ ವಸೂಲಿ ಮಾಡಿಕೊಳ್ಳುತ್ತದೆ. ಸಂಚಾರ ನಿಯಮ ಮುರಿದು ದಂಡ ತೆತ್ತು ಮನೆಗೆ ಹೋಗುವ ಶಕ್ತಿ ಇರುವವನ ಪ್ರಕರಣ ಆ ದಿನವೇ ಮುಗಿಯುತ್ತದೆ. ಒಮ್ಮೆಗೇ ಕಟ್ಟಲಾಗದವನು ಕಂತು ತೀರುವವರೆಗೆ ಪ್ರೊಬೇಷನ್‌ಗೆ ಹೋಗಿ, ದಂಡದ ಮೇಲೆ ತಿಂಗಳ ಶುಲ್ಕವನ್ನೂ ಕಟ್ಟುತ್ತಾನೆ. ಬಡತನಕ್ಕೆ ಬಡ್ಡಿ ಹಾಕುವ ಇಂಥ ಪದ್ಧತಿಗೆ ಇನ್ನಾವ ಹೆಸರು ಕೊಡಬೇಕೋ ತಿಳಿಯದು. ದಂಡ ಕಟ್ಟುವುದೊಂದೇ ಕಾರಣವಾಗಿರುವ ಪ್ರೊಬೇಷನ್‌ನಲ್ಲಿ ಮೂರು ತಿಂಗಳಿಗಿಂತ ಹೆಚ್ಚಿನ ಶುಲ್ಕ ತೆಗೆದುಕೊಳ್ಳಬಾರದೆಂದು 2015ರಲ್ಲಿ ಕಾಯ್ದೆಯಾಯಿತು. ಅದೇ ಕಾಯ್ದೆ ಗಂಭೀರ ಅಪರಾಧಗಳ ಪ್ರೊಬೇಷನ್ ಮತ್ತು ಪೆರೋಲ್ ನಿಗಾವನ್ನು ಒಂದೇ ಹೊಸ ಇಲಾಖೆಯಡಿ ತಂದಿತು. 2021ರ ಇನ್ನೊಂದು ಕಾಯ್ದೆ, ಷರತ್ತು ಪಾಲಿಸಿದ ಅರ್ಹರಿಗೆ ಮೂರು ವರ್ಷದ ನಂತರ ಅವಧಿಗೆ ಮೊದಲೇ ಬಿಡುಗಡೆಯ ದಾರಿ ತೆರೆಯಿತು.

ಈ ವಿಷಯದ ಮೂಲ ತೀರ್ಪು ಬಂದದ್ದೂ ಜಾರ್ಜಿಯಾದಿಂದಲೇ. ಬಿಯರ್ಡನ್ ಎಂಬಾತನಿಗೆ 500 ಡಾಲರ್ ದಂಡ, 250 ಡಾಲರ್ ಪರಿಹಾರ ವಿಧಿಸಿ ಪ್ರೊಬೇಷನ್ ಕೊಡಲಾಗಿತ್ತು. ತಂದೆತಾಯಿಗಳಿಂದ ಸಾಲ ಪಡೆದು 200 ಡಾಲರ್ ಕಟ್ಟಿದ. ಅಷ್ಟರಲ್ಲಿ ಕೆಲಸ ಹೋಯಿತು. ಓದುಬರಹ ಬಾರದ ಅವನಿಗೆ ಬೇರೆ ಕೆಲಸ ಸಿಗಲಿಲ್ಲ, ಉಳಿದ 550 ಡಾಲರ್ ಕಟ್ಟಲಿಲ್ಲವೆಂದು ಪ್ರೊಬೇಷನ್ ರದ್ದಾಗಿ ಸೆರೆಮನೆ ಸೇರಿದ. ಕಟ್ಟಲು ಮನಸ್ಸಿಲ್ಲವೋ ಶಕ್ತಿಯಿಲ್ಲವೋ ಎಂದು ವಿಚಾರಿಸದೆ ಹೀಗೆ ಕಳಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿತು. ತೀರ್ಪು ಬಂದ ರಾಜ್ಯದಲ್ಲೇ ಮೇಲೆ ಹೇಳಿದ ಕಂತಿನ ಪ್ರೊಬೇಷನ್ ಬೆಳೆದು ನಿಂತದ್ದನ್ನು ಓದಿದಾಗ, ನ್ಯಾಯಾಲಯದ ಮಾತಿಗೂ ಕೌಂಟರಿನ ಹಿಂದೆ ಕೂತವರ ಮಾತಿಗೂ ಎಷ್ಟು ದೂರವಿದೆಯೆಂಬುದು ಅರಿವಾಗುತ್ತದೆ. ನನ್ನ ಪಟ್ಟಿಯಲ್ಲಿ ಇದು ಕೊನೆಯ ಸ್ಥಾನದಲ್ಲಿದೆ.

ಟೆಕ್ಸಸ್‌ನದು ಬೇರೆಯೇ ವಿಚಿತ್ರ. ಕಠಿಣ ಶಿಕ್ಷೆಗೆ ಹೆಸರಾದ ಈ ರಾಜ್ಯಕ್ಕೆ 2007ರಲ್ಲಿ, ಇನ್ನೈದು ವರ್ಷದಲ್ಲಿ 17,000ದಷ್ಟು ಹೆಚ್ಚುವರಿ ಹಾಸಿಗೆಗಳ ಸೆರೆಮನೆ ಬೇಕಾಗುತ್ತದೆಂಬ ಅಂದಾಜು ಬಂದಾಗ, ಶಾಸನಸಭೆ ಅದನ್ನು ಕಟ್ಟುವ ಬದಲು 24.1 ಕೋಟಿ ಡಾಲರನ್ನು ಚಿಕಿತ್ಸೆಗೂ, ಷರತ್ತು ಮುರಿದವರನ್ನು ಸೆರೆಮನೆಯ ಬದಲು ಕೆಲಕಾಲ ಇರಿಸುವ ಮಧ್ಯಂತರ ಕೇಂದ್ರಗಳಿಗೂ ಕೊಟ್ಟಿತು. ರಿಪಬ್ಲಿಕನ್ ಶಾಸಕ ಜೆರಿ ಮ್ಯಾಡನ್ ಮತ್ತು ಡೆಮಾಕ್ರಟಿಕ್ ಸೆನೆಟರ್ ಜಾನ್ ವಿಟ್‌ಮೈರ್ ಒಟ್ಟಾಗಿ ಇದನ್ನು ದಡ ಮುಟ್ಟಿಸಿದರು. 2011ರಲ್ಲಿ ಶುಗರ್ ಲ್ಯಾಂಡ್‌ನ ಸೆಂಟ್ರಲ್ ಯೂನಿಟ್ ಎಂಬ ಹಳೆಯ ಸೆರೆಮನೆ ಬಾಗಿಲು ಮುಚ್ಚಿತು. ಇಲ್ಲಿ ಬಿಲ್ಲು ಮೊದಲೇ ಮೇಜಿನ ಮೇಲೆ ಬಂದದ್ದರಿಂದ ವಿವೇಕ ಬಂತು. ಆದರೆ ಸ್ಥಳೀಯ ಪ್ರೊಬೇಷನ್ ಇಲಾಖೆಗಳ ಆದಾಯದ ಗಣನೀಯ ಪಾಲು ನಾನು ಮೊದಲಿಗೇ ಹೇಳಿದ ಮಾಸಿಕ ಶುಲ್ಕ. ತಪ್ಪದೆ ಬಂದು ತಪ್ಪದೆ ಕಟ್ಟುವವನೇ ಬೇಗ ಬಿಡುಗಡೆಗೆ ಅರ್ಹ. ಅವನನ್ನು ಬಿಟ್ಟರೆ ಇಲಾಖೆಗೆ ಹೋಗುವುದು ಅತ್ಯುತ್ತಮ ಗಿರಾಕಿ. ಈ ಗಂಟನ್ನು ಬಿಚ್ಚುವುದಕ್ಕೆ ಪರಿಹಾರ ಸರಳ, ಶುಲ್ಕವನ್ನು ತೆಗೆದುಹಾಕಿ ಬಜೆಟ್‌ನಿಂದ ಹಣ ಕೊಡುವುದು. ಅದನ್ನು ಟೆಕ್ಸಸ್ ಮಾಡಿಲ್ಲ.

ಹವಾಯಿಯ ಹೋಪ್ ಯೋಜನೆಯನ್ನು ಬಿಟ್ಟು ಈ ಹೋಲಿಕೆ ಪೂರ್ಣವಾಗದು. ನ್ಯಾಯಾಧೀಶ ಸ್ಟೀವನ್ ಆಮ್ 2004ರ ಅಕ್ಟೋಬರ್‌ನಲ್ಲಿ ಹೊನೊಲುಲುವಿನಲ್ಲಿ 34 ಜನರೊಂದಿಗೆ ಇದನ್ನು ಶುರುಮಾಡಿದರು. ಹತ್ತು ತಪ್ಪನ್ನು ಕಂಡೂ ಕಾಣದಂತಿದ್ದು ಹನ್ನೊಂದನೆಯದಕ್ಕೆ ವರ್ಷಗಟ್ಟಲೆ ಒಳಗೆ ಹಾಕುವುದು ಹುಚ್ಚುತನ, ಪ್ರತಿ ತಪ್ಪಿಗೂ ತಕ್ಷಣ, ಖಚಿತವಾಗಿ, ಕೆಲವೇ ದಿನಗಳ ಬಂಧನ ಸಾಕು ಎಂಬುದು ಇದರ ತರ್ಕ. ಪ್ರತಿಯೊಬ್ಬರಿಗೂ ಒಂದು ಬಣ್ಣ. ದಿನವೂ ಬೆಳಿಗ್ಗೆ ಫೋನ್ ಮಾಡಿ ಇಂದು ಯಾವ ಬಣ್ಣವೆಂದು ಕೇಳಬೇಕು, ತನ್ನದಾಗಿದ್ದರೆ ಹೋಗಿ ಪರೀಕ್ಷೆಗೆ ಮೂತ್ರ ಕೊಡಬೇಕು. 2009ರ ಯಾದೃಚ್ಛಿಕ ಪ್ರಯೋಗದಲ್ಲಿ, ಮಾಮೂಲಿ ಪ್ರೊಬೇಷನ್‌ನಲ್ಲಿದ್ದವರಿಗೆ ಹೋಲಿಸಿದರೆ ಹೊಸ ಅಪರಾಧಕ್ಕೆ ಬಂಧನವಾಗುವ ಸಂಭವ ಹೋಪ್‌ನಲ್ಲಿದ್ದವರಿಗೆ ಶೇ. 55ರಷ್ಟು ಕಡಿಮೆಯೆಂದು ಕಂಡುಬಂತು. ಹೊಗಳಿಕೆಗೆ ಕೊರತೆಯಿರಲಿಲ್ಲ, ಹಲವು ರಾಜ್ಯಗಳು ಅನುಕರಿಸಿದವು. ಕೇಂದ್ರ ಸರ್ಕಾರದ ಹಣದಿಂದ ಆರ್ಕನ್ಸಾ, ಮ್ಯಾಸಚೂಸೆಟ್ಸ್, ಆರೆಗನ್ ಮತ್ತು ಟೆಕ್ಸಸ್‌ನ ಒಂದೊಂದು ಕೌಂಟಿಯಲ್ಲಿ ಅದೇ ಮಾದರಿಯನ್ನು ನಿಷ್ಠೆಯಿಂದ ನಡೆಸಿ ನೋಡಿದಾಗ, 2016ರಲ್ಲಿ ಬಂದ ಫಲಿತಾಂಶ ಮಾತ್ರ ಮಾಮೂಲಿ ಪ್ರೊಬೇಷನ್‌ಗಿಂತ ಒಟ್ಟಾರೆ ಮೇಲೇನೂ ಇರಲಿಲ್ಲ.

ಏಕೆ ಹೀಗಾಯಿತೆಂಬುದಕ್ಕೆ ಸಂಶೋಧಕರು ನ್ಯಾಯಾಧೀಶರ ವ್ಯಕ್ತಿತ್ವದಿಂದ ಹಿಡಿದು ಚಿಕಿತ್ಸೆಯ ಲಭ್ಯತೆಯವರೆಗೆ ಅನೇಕ ಕಾರಣ ಕೊಟ್ಟಿದ್ದಾರೆ. ನನ್ನದೂ ಒಂದು ಅನುಮಾನವಿದೆ. ಹವಾಯಿಯಲ್ಲಿ ಜೈಲೂ ಸೆರೆಮನೆಯೂ ಎರಡೂ ರಾಜ್ಯದ್ದೇ. ಹೊನೊಲುಲುವಿನ ನ್ಯಾಯಾಧೀಶರು ಮೂರು ದಿನ ಒಳಗಿಡಿ ಎಂದರೆ ಅದರ ಹೊರೆಯೂ, ಆ ಮೂರು ದಿನದಿಂದ ತಪ್ಪಿದ ಮೂರು ವರ್ಷದ ಉಳಿತಾಯವೂ ಒಂದೇ ಖಜಾನೆಗೆ ಸೇರುತ್ತವೆ. ಆ ನಾಲ್ಕು ಕೌಂಟಿಗಳಲ್ಲಿ ಹೊರೆ ಒಬ್ಬರಿಗೆ, ಉಳಿತಾಯ ಇನ್ನೊಬ್ಬರಿಗೆ. ಇದು ಅನುಮಾನವೇ ಹೊರತು ಸಾಬೀತುಪಡಿಸಿದ ಮಾತಲ್ಲ.

ನನ್ನ ಅಳತೆಗೋಲು ಎಲ್ಲ ಕಡೆಯೂ ನಿಲ್ಲುವುದಿಲ್ಲ ಎನ್ನುವುದಕ್ಕೆ ವಿಸ್ಕಾನ್ಸಿನ್ ಸಾಕ್ಷಿ. ಮಿನೆಸೋಟಾದ ಪಕ್ಕದಲ್ಲೇ ಇರುವ, ಹವಾಮಾನದಲ್ಲೂ ಜನಸಂಖ್ಯೆಯಲ್ಲೂ ಅದನ್ನೇ ಹೋಲುವ ಈ ರಾಜ್ಯದಲ್ಲಿ ಪ್ರೊಬೇಷನ್ ಅಧಿಕಾರಿಯೂ ಸೆರೆಮನೆಯೂ ಒಂದೇ ಇಲಾಖೆಗೆ ಸೇರಿವೆ. ಬಿಲ್ಲು ಒಂದೇ ಹೆಸರಿಗೆ ಬರುವುದರಿಂದ ಇಲ್ಲಿ ಸಂಯಮ ಹೆಚ್ಚಿರಬೇಕಿತ್ತು. ಆದರೆ ಇದರ ಸೆರೆವಾಸದ ಪ್ರಮಾಣ ನೆರೆಯ ರಾಜ್ಯಕ್ಕಿಂತ ಬಹಳ ಹೆಚ್ಚು. 1999ರ ಡಿಸೆಂಬರ್ 31ರಿಂದೀಚಿನ ಅಪರಾಧಗಳಿಗೆ ಅಲ್ಲಿ ಪೆರೋಲ್ ಇಲ್ಲ. ಸೆರೆವಾಸದ ಹಿಂದೆಯೇ ವಿಸ್ತೃತ ನಿಗಾ ಎಂಬ ಎರಡನೆಯ ಭಾಗ ಅಂಟಿಕೊಂಡು ಬರುತ್ತದೆ, ಅದು ಸೆರೆವಾಸದ ಕಾಲುಭಾಗಕ್ಕೆ ಕಡಿಮೆಯಿರುವಂತಿಲ್ಲ. ನಿಗಾ ರದ್ದಾದರೆ ಹೊರಗೆ ಸರಿಯಾಗಿ ಕಳೆದ ವರ್ಷಗಳು ಲೆಕ್ಕಕ್ಕಿಲ್ಲ. ಐದು ವರ್ಷದ ನಿಗಾದಲ್ಲಿ ನಾಲ್ಕನ್ನು ಮುಗಿಸಿ ಎಡವಿದವನನ್ನು ಪೂರ್ತಿ ಐದು ವರ್ಷಕ್ಕೂ ಒಳಗೆ ಕಳಿಸಬಹುದು. ವಾಹನ ಕೊಳ್ಳುವುದಕ್ಕೂ ಸಾಲ ಮಾಡುವುದಕ್ಕೂ ಅಧಿಕಾರಿಯ ಒಪ್ಪಿಗೆ ಬೇಕೆಂಬುದು ಅಲ್ಲಿನ ಸಾಮಾನ್ಯ ಷರತ್ತುಗಳಲ್ಲಿ ಸೇರಿದೆ. ಇಲಾಖೆಯ ಬಜೆಟ್ ಒಂದೇ ಆಗಿದ್ದರೂ ಆ ಬಜೆಟ್ಟಿನ ಬಿಸಿ ಕೆಳಗಿನ ಅಧಿಕಾರಿಗೆ ತಟ್ಟುವುದಿಲ್ಲ. ಅವರಿಗಿರುವ ಹೆದರಿಕೆ, ತಾವು ಹೊರಗೆ ಬಿಟ್ಟವನು ನಾಳೆ ಏನಾದರೂ ಮಾಡಿ ಪತ್ರಿಕೆಯಲ್ಲಿ ತಮ್ಮ ಹೆಸರು ಬಂದೀತೆಂಬುದು. ವಿಸ್ಕಾನ್ಸಿನ್‌ಗೆ ನಾನು ಕೊಡುವ ವಿವರಣೆ ಇಷ್ಟೆ.

ಪೆನ್ಸಿಲ್ವೇನಿಯಾವನ್ನು ಹೊರಗಿನವರು ತಿಳಿದದ್ದು ಮೀಕ್ ಮಿಲ್ ಎಂಬ ರ‍್ಯಾಪ್ ಗಾಯಕನಿಂದ. 2008ರ ಶಿಕ್ಷೆಯ ಬಾಲವಾಗಿ ಬಂದ ಪ್ರೊಬೇಷನ್ ಪ್ರತಿ ಉಲ್ಲಂಘನೆಗೂ ಬೆಳೆಯುತ್ತ ಹೋಗಿ, 2017ರ ನವೆಂಬರ್‌ನಲ್ಲಿ ಅವನನ್ನು ಎರಡರಿಂದ ನಾಲ್ಕು ವರ್ಷದ ಸೆರೆವಾಸಕ್ಕೆ ಕಳಿಸಲಾಯಿತು. ಮುಂದಿನ ಏಪ್ರಿಲ್‌ನಲ್ಲಿ ಬಿಡುಗಡೆಯಾದ. ಹೆಸರಿರುವವನಿಗೆ ಐದು ತಿಂಗಳು ಬೇಕಾಯಿತು. 2023ರ ಕೊನೆಯಲ್ಲಿ ರಾಜ್ಯ ಪ್ರೊಬೇಷನ್ ಸುಧಾರಣೆಯ ಕಾಯ್ದೆ ಮಾಡಿತು.

ನ್ಯೂಯಾರ್ಕ್‌ನಲ್ಲಿ ಬಿಲ್ಲಿನ ಗೊಂದಲ ತಲೆಕೆಳಗಾಗಿತ್ತು. ಅಲ್ಲಿ ಪೆರೋಲ್ ಅಧಿಕಾರಿ ರಾಜ್ಯದವರು. ಉಲ್ಲಂಘನೆಯ ವಾರಂಟ್ ಹೊರಡಿಸಿದರೆ ವಿಚಾರಣೆ ಮುಗಿಯುವವರೆಗೆ ಆ ವ್ಯಕ್ತಿಯನ್ನು ಇರಿಸಿಕೊಳ್ಳುವುದು ನಗರದ ಅಥವಾ ಕೌಂಟಿಯ ಜೈಲು. ನ್ಯೂಯಾರ್ಕ್ ನಗರದ ಮಟ್ಟಿಗೆ ಅದು ರೈಕರ್ಸ್ ದ್ವೀಪ. ರಾಜ್ಯ ಬೆರಳು ತೋರಿಸುತ್ತಿತ್ತು, ನಗರ ಹಣ ಎಣಿಸುತ್ತಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಸಹಿಯಾಗಿ 2022ರ ಮಾರ್ಚ್‌ನಿಂದ ಪೂರ್ಣ ಜಾರಿಗೆ ಬಂದ ‘ಲೆಸ್ ಈಸ್ ಮೋರ್’ ಕಾಯ್ದೆಯ ಪ್ರಕಾರ, ಬಂಧಿಸಿದ 24 ಗಂಟೆಯೊಳಗೆ ನ್ಯಾಯಾಲಯದ ಮುಂದೆ ನಿಲ್ಲಿಸಬೇಕು. ತಾಂತ್ರಿಕ ಉಲ್ಲಂಘನೆಗೆ ಮರುಬಂಧನ ಏಳು, ಹದಿನೈದು, ಗರಿಷ್ಠ ಮೂವತ್ತು ದಿನ. 30 ದಿನ ಸರಿಯಾಗಿ ನಡೆದುಕೊಂಡರೆ ನಿಗಾದ ಅವಧಿಯಿಂದ 30 ದಿನ ಕಡಿತ. ಈ ಕೊನೆಯ ಉಪಾಯವನ್ನು ಮಿಸೂರಿ 2012ರಲ್ಲೇ ಜಾರಿಗೆ ತಂದಿತ್ತು, ಅಲ್ಲಿ ಅರ್ಹರ ನಿಗಾ ಅವಧಿ ಸರಾಸರಿ 14 ತಿಂಗಳು ತಗ್ಗಿತು. ಅನುಷ್ಠಾನಕ್ಕೆ ಇಷ್ಟು ಸುಲಭವಾದ ಇನ್ನೊಂದು ಸುಧಾರಣೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೊಲೊರಾಡೊದಲ್ಲಿ ಕಮ್ಯುನಿಟಿ ಕರೆಕ್ಷನ್ಸ್ ಎಂಬ ಹೆಸರೇ ಬೇರೆ ಅರ್ಥ ಕೊಡುತ್ತದೆ: ಸೆರೆಮನೆಗೂ ಮನೆಗೂ ನಡುವಿನ ವಸತಿ ಕೇಂದ್ರಗಳು, ಅವುಗಳಿಗೆ ಯಾರನ್ನು ಸೇರಿಸಬೇಕು, ಯಾರನ್ನು ಬೇಡವೆನ್ನಬೇಕು ಎಂದು ನಿರ್ಧರಿಸುವ ಸ್ಥಳೀಯ ಮಂಡಳಿಗಳು. ಹೆಸರು ಒಂದೇ ಇದೆಯೆಂದು ಇದನ್ನು ಮಿನೆಸೋಟಾದ ಅಂಕಿಗಳ ಪಕ್ಕ ಇಟ್ಟು ಹೋಲಿಸುವವರು ಎಡವುತ್ತಾರೆ.

ಒಂದು ರಾಜ್ಯದಲ್ಲಿ ಶಿಕ್ಷೆಯಾಗಿ ಇನ್ನೊಂದರಲ್ಲಿ ವಾಸಿಸುವವರ ಪಾಡೇನು? ಇದಕ್ಕೆ 1937ರಿಂದಲೂ ಅಂತರರಾಜ್ಯ ಒಪ್ಪಂದವಿದೆ. ಈಗಿರುವುದು 2002ರಲ್ಲಿ ಜಾರಿಗೆ ಬಂದ ಅದರ ಹೊಸ ರೂಪ, 50 ರಾಜ್ಯಗಳೂ ಅದರಲ್ಲಿವೆ. ವರ್ಗಾವಣೆ ಕೋರಿದರೆ ಸ್ವೀಕರಿಸುವ ರಾಜ್ಯ 45 ದಿನದೊಳಗೆ ಉತ್ತರಿಸಬೇಕು. ಬಂದವರನ್ನು ಅದು ತನ್ನದೇ ಅಪರಾಧಿಗಳಂತೆ ನೋಡಿಕೊಳ್ಳಬೇಕು, ಶುಲ್ಕವಿದ್ದರೆ ತನ್ನ ನಿಯಮದಂತೆ ವಿಧಿಸಬಹುದು. ನಿಗಾ ಎಷ್ಟು ಕಾಲವೆಂಬುದನ್ನು ಮಾತ್ರ ಕಳಿಸಿದ ರಾಜ್ಯವೇ ಹೇಳುತ್ತದೆ. ಆದ್ದರಿಂದ ಕ್ಯಾಲಿಫೋರ್ನಿಯಾದ ಪ್ರೊಬೇಷನ್ ಅಧಿಕಾರಿಯ ಮೇಜಿನ ಮೇಲೆ ಒಂದೇ ಬಗೆಯ ಅಪರಾಧದ ಎರಡು ಕಡತಗಳು ಒಂದರ ಮೇಲೊಂದು ಕೂತಿರುವುದು ಸಾಧ್ಯ: ಎರಡಕ್ಕೂ ಶುಲ್ಕವಿಲ್ಲ, ಎರಡಕ್ಕೂ ಭೇಟಿಯ ಕ್ರಮ ಒಂದೇ, ಆದರೆ ಊರಿನವನ ಕಡತ ಎರಡು ವರ್ಷಕ್ಕೆ ಮುಚ್ಚುತ್ತದೆ, ಜಾರ್ಜಿಯಾದಲ್ಲಿ ಹತ್ತು ವರ್ಷದ ಶಿಕ್ಷೆ ಪಡೆದು ಬಂದವನದು ಜಾರ್ಜಿಯಾ ಬಿಡುವವರೆಗೆ ಅಲ್ಲೇ ಇರುತ್ತದೆ.